ಗಳಿಕೆ ಅಂದರೆ ಯಾವ ಗಳಿಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಒಂದೇ ಚಿತ್ರದ ಮೊದಲ ದಿನದ ಗಳಿಕೆಯನ್ನು ಒಬ್ಬರು 10 ಕೋಟಿ ಅಂತಾರೆ, ಇನ್ನೊಬ್ಬರು ಎಂಟೂವರೆ, ಮತ್ತೊಬ್ಬರು ನಾಲ್ಕು. ಯಾವುದು ಸರಿ? ನಮ್ಮೂರಿನ ಥಿಯೇಟರಿನ ಲೆಕ್ಕವನ್ನು ನಾವೇ ಹಾಕಬಹುದೆ?
(ಮಂಡ್ಯದಿಂದ)

ಮೂರೂ ಸರಿ ಇರಬಹುದು. ಟಿಕೆಟ್ ಮಾರಿ ಬಂದ ಒಟ್ಟು ಹಣ ಗ್ರಾಸ್. ಅದರಲ್ಲಿ ಜಿಎಸ್‌ಟಿ ಹೋದರೆ ನೆಟ್. ನೆಟ್‌ನಲ್ಲಿ ಚಿತ್ರಮಂದಿರದ ಪಾಲು ಹೋಗಿ ಹಂಚಿಕೆದಾರರ ಕೈಗೆ ಬರುವುದು ಶೇರ್. ಪೋಸ್ಟರ್ ಮೇಲೆ ಸಾಮಾನ್ಯವಾಗಿ ಗ್ರಾಸ್ ಹಾಕುತ್ತಾರೆ, ಅದೇ ದೊಡ್ಡದು. ಚಿತ್ರ ಉಳಿಯಿತೋ ಮುಳುಗಿತೋ ಅನ್ನುವುದನ್ನು ಹೇಳುವುದು ಮಾತ್ರ ಶೇರ್.

ಒಂದು ಲೆಕ್ಕ ಹಾಕೋಣ. ಸಿಂಗಲ್ ಸ್ಕ್ರೀನ್ ಒಂದರಲ್ಲಿ ಬಾಲ್ಕನಿ 200 ಸೀಟು, ಟಿಕೆಟ್ 150 ರೂಪಾಯಿ. ಕೆಳಗೆ 500 ಸೀಟು, ಟಿಕೆಟ್ 100 ರೂಪಾಯಿ ಅಂದುಕೊಳ್ಳಿ. ಹೌಸ್‌ಫುಲ್ ಆದರೆ ಒಂದು ಶೋಗೆ 80,000 ಗ್ರಾಸ್. 2025ರ ಸೆಪ್ಟೆಂಬರ್ 22ರಿಂದ 100 ರೂಪಾಯಿವರೆಗಿನ ಟಿಕೆಟ್‌ಗೆ ಶೇ 5, ಅದರ ಮೇಲಿನದಕ್ಕೆ ಶೇ 18 ಜಿಎಸ್‌ಟಿ. ಇಲ್ಲಿ ಬಹಳ ಜನ ಎಡವುತ್ತಾರೆ: 150ರಲ್ಲಿ ಶೇ 18 ಕಳೆದು 123 ಅಂದುಬಿಡುತ್ತಾರೆ. ತೆರಿಗೆ ಬೆಲೆಯೊಳಗೇ ಸೇರಿರುವುದರಿಂದ ಕಳೆಯಬಾರದು, 1.18ರಿಂದ ಭಾಗಿಸಬೇಕು. ಆಗ 150ರಲ್ಲಿ ಉಳಿಯುವುದು 127 ರೂಪಾಯಿ 12 ಪೈಸೆ. ಹಾಗೆಯೇ 100ನ್ನು 1.05ರಿಂದ ಭಾಗಿಸಿದರೆ 95 ರೂಪಾಯಿ 24 ಪೈಸೆ. ಎಲ್ಲ ಸೇರಿ ಶೋಗೆ ಸುಮಾರು 73,000 ನೆಟ್.

ದಿನಕ್ಕೆ ನಾಲ್ಕು ಶೋ, ವಾರಕ್ಕೆ 28. ಸರಾಸರಿ ಶೇ 40 ಸೀಟು ತುಂಬಿದರೆ ವಾರದ ನೆಟ್ 8.18 ಲಕ್ಷದ ಆಸುಪಾಸು. ಥಿಯೇಟರ್ ಬಾಡಿಗೆ ಪದ್ಧತಿಯದಾಗಿದ್ದು, ವಾರದ ಬಾಡಿಗೆ 3 ಲಕ್ಷ ಅಂತಾದರೆ ಶೇರ್ 5 ಲಕ್ಷ ದಾಟುತ್ತದೆ. ಎರಡನೇ ವಾರ ಶೇ 12ಕ್ಕೆ ಇಳಿದರೆ ನೆಟ್ ಬರೀ 2.45 ಲಕ್ಷ, ಬಾಡಿಗೆ ಕಟ್ಟಲು ನಿರ್ಮಾಪಕರೇ ಜೇಬಿನಿಂದ 55,000 ಹಾಕಬೇಕು. ಚೆನ್ನಾಗಿದೆ ಅಂತ ಜನ ಮಾತಾಡುತ್ತಿರುವಾಗಲೇ ಸಣ್ಣ ಚಿತ್ರವನ್ನು ಗುರುವಾರ ರಾತ್ರಿ ಎತ್ತಿಬಿಡುವುದು ಇದಕ್ಕೇ. ಮಲ್ಟಿಪ್ಲೆಕ್ಸ್‌ನಲ್ಲಿ ಬಾಡಿಗೆ ಇಲ್ಲ, ಶೇಕಡಾವಾರು ಹಂಚಿಕೆ. ವಾರ ಕಳೆದಂತೆ ಚಿತ್ರದವರ ಪಾಲು ಇಳಿಯುತ್ತದೆ.

ಸೀಟು ಎಷ್ಟು ತುಂಬಿದೆ ಅಂತ ಬುಕಿಂಗ್ ಆ್ಯಪ್‌ನಲ್ಲಿ ನೋಡುವುದಾದರೆ ಶೋ ಶುರುವಾಗುವ ಹತ್ತು ನಿಮಿಷ ಮುಂಚೆ ನೋಡಿ. ಬೆಳಿಗ್ಗೆಯೇ ಬೂದು ಬಣ್ಣಕ್ಕೆ ತಿರುಗಿದ ಸೀಟೆಲ್ಲ ಮಾರಾಟವಾದದ್ದಲ್ಲ, ಕೌಂಟರಿಗೆಂದು ತಡೆದಿಟ್ಟದ್ದೂ ಇರುತ್ತದೆ. ಸೆಕೆಂಡ್ ಕ್ಲಾಸಿನ ಮಂದಿ ಆ್ಯಪ್ ಮುಟ್ಟುವುದೇ ಕಡಿಮೆ. ಇನ್ನು, '24 ಗಂಟೆಯಲ್ಲಿ ಇಷ್ಟು ಸಾವಿರ ಟಿಕೆಟ್' ಅನ್ನುವ ಸಂಖ್ಯೆಯಲ್ಲಿ ನಾಳೆಯ, ನಾಡಿದ್ದಿನ ಟಿಕೆಟ್ಟೂ ಇರುತ್ತದೆ. ಅದನ್ನು ಇವತ್ತಿನ ಗಳಿಕೆ ಅಂತ ಗುಣಿಸಿದರೆ ಲೆಕ್ಕ ಹಳ್ಳ ಹಿಡಿಯುತ್ತದೆ. ನಿಜವಾದ ದಾಖಲೆ ಅಂದರೆ ಚಿತ್ರಮಂದಿರದವರು ದಿನಾ ಬರೆಯುವ ಡಿಸಿಆರ್, ಅಂದರೆ ದಿನದ ಗಳಿಕೆಯ ವರದಿ. ಅದು ಹಂಚಿಕೆದಾರರಿಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ.

ಶುಕ್ರವಾರ ಎಲ್ಲ ಶೋ ಫುಲ್ ಆದರೆ ಸೂಪರ್ ಹಿಟ್ ಅನ್ನಬಹುದಾ?
(ವಿಜಯನಗರ, ಮೈಸೂರು)

ಬೇಡ. ಸೋಮವಾರದವರೆಗೆ ತಾಳಿ. ಶುಕ್ರವಾರ ಬರುವವರು ಅಭಿಮಾನಿಗಳು, ಸೋಮವಾರ ಬರುವವರು ಬಾಯಿಮಾತು ಕೇಳಿ ಬಂದವರು. ಸೋಮವಾರದ ನೆಟ್ ಶುಕ್ರವಾರದ ಅರ್ಧದಷ್ಟಾದರೂ ಇದ್ದರೆ ಚಿತ್ರ ನಿಂತಿತು ಅನ್ನಿ; ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬಿದ್ದರೆ ಎತ್ತುವುದು ಕಷ್ಟ. ಸೋಮವಾರ ರಜೆ ಇದ್ದರೆ ಮಂಗಳವಾರ ನೋಡಬೇಕು. ಮೈಸೂರಿನಲ್ಲಿ ದಸರಾ ಹೊತ್ತಿನ ಅಂಕಿ ಹಿಡಿದು ಭವಿಷ್ಯ ಹೇಳುವುದಂತೂ ತೀರಾ ಅಪಾಯ, ಊರಿಗೆ ಬಂದ ಪ್ರವಾಸಿಗರೂ ಆ ಲೆಕ್ಕದಲ್ಲಿ ಸೇರಿರುತ್ತಾರೆ. 2022ರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಮಾತ್ರ ತೆರೆಕಂಡ 'ಕಾಂತಾರ' ಅಕ್ಟೋಬರ್ 14ರಂದು ಹಿಂದಿಗೆ ಹೋಯಿತು. ಆ ಎರಡು ವಾರದ ಬಾಯಿಮಾತಿನ ಬಲವನ್ನು ಮೊದಲ ದಿನದ ಅಂಕಿ ನೋಡಿ ಯಾರೂ ಊಹಿಸಲು ಆಗುತ್ತಿರಲಿಲ್ಲ.

ಬೆಳಗಿನ ಆರು ಗಂಟೆಯ ಶೋಗೆ ಹೋಗಿ ಎರಡು ಗಂಟೆ ಕಾದೆವು. 'ಕೀ ಬಂದಿಲ್ಲ' ಅಂದರು. ಏನದು?
(ಶ್ರೀರಂಗಪಟ್ಟಣ)

ಈಗ ರೀಲು ಡಬ್ಬ ಬರುವುದಿಲ್ಲ. ಚಿತ್ರ ಬೀಗ ಹಾಕಿದ ಡಿಜಿಟಲ್ ಕಡತವಾಗಿ ಮುಂಚೆಯೇ ಥಿಯೇಟರಿನ ಸರ್ವರಿಗೆ ಇಳಿದಿರುತ್ತದೆ. ಬೀಗ ತೆಗೆಯುವ ಕೀಯನ್ನು, ಅಂದರೆ ಕೆಡಿಎಂ ಅನ್ನು, ಆಯಾ ಪರದೆಯ ಸರ್ವರಿಗೇ ಪ್ರತ್ಯೇಕವಾಗಿ ಮಾಡಿ ಕಳಿಸುತ್ತಾರೆ. ಇಂಥ ಗಂಟೆಯಿಂದ ಇಂಥ ಗಂಟೆವರೆಗೆ ಅಂತ ಅದಕ್ಕೆ ಅವಧಿಯೂ ಇದೆ. ತಡವಾಗುವುದಕ್ಕೆ ಕಾರಣ ಸಾಮಾನ್ಯವಾಗಿ ಮೂರು: ಹಣದ ಬಾಕಿ ತೀರದೆ ಕೀ ಬಿಡದಿರುವುದು, ರಿಪೇರಿಗೆಂದು ಸರ್ವರ್ ಬದಲಾಗಿ ಹಳೆಯ ಕೀ ಹೊಂದದಿರುವುದು, ಕೀಯ ಅವಧಿಯೇ ಒಂಬತ್ತಕ್ಕೋ ಹತ್ತಕ್ಕೋ ಶುರುವಾಗುವಂತೆ ನಮೂದಾಗಿರುವುದು. ಮೂರರಲ್ಲಿ ಯಾವುದಾದರೂ ಪ್ರೊಜೆಕ್ಟರ್ ಕೋಣೆಯಲ್ಲಿರುವವರು ಏನೂ ಮಾಡಲಾರರು, ಅವರ ಮೇಲೆ ರೇಗಬೇಡಿ.

ಯುಎ 16+ ಚಿತ್ರಕ್ಕೆ 12 ವರ್ಷದ ಮಗನನ್ನು ಕರೆದೊಯ್ಯಬಹುದೆ?
(ಮದ್ದೂರು)

ಕರೆದೊಯ್ಯಬಹುದು. 7+, 13+, 16+ ಇವು ಪೋಷಕರಿಗೆ ಕೊಟ್ಟ ಸೂಚನೆ, ನಿರ್ಧಾರ ನಿಮ್ಮದು. 18 ತುಂಬದವರಿಗೆ ಪ್ರವೇಶವೇ ಇಲ್ಲದ್ದು 'ಎ' ಪ್ರಮಾಣಪತ್ರದ ಚಿತ್ರಕ್ಕೆ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ರಾಷ್ಟ್ರಪ್ರಶಸ್ತಿಯ ಇಸವಿ ಒಂದೊಂದು ಪುಸ್ತಕದಲ್ಲಿ ಒಂದೊಂದು ಥರ ಇದೆ. ನೆನಪಿಟ್ಟುಕೊಳ್ಳುವುದು ಹೇಗೆ?
(ಕುವೆಂಪುನಗರ, ಮೈಸೂರು)

ಒಂದು ಚಿತ್ರಕ್ಕೆ ಮೂರು ಇಸವಿ ಅಂಟಿಕೊಳ್ಳುತ್ತವೆ: ಸೆನ್ಸಾರ್ ಆದದ್ದು, ತೆರೆಗೆ ಬಂದದ್ದು, ಪ್ರಶಸ್ತಿ ಘೋಷಿಸಿದ್ದು. ರಾಷ್ಟ್ರಪ್ರಶಸ್ತಿಗೆ ಲೆಕ್ಕ ಸೆನ್ಸಾರ್ ಪ್ರಮಾಣಪತ್ರದ ಇಸವಿ, ಜನವರಿ 1ರಿಂದ ಡಿಸೆಂಬರ್ 31. ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ಪ್ರಶಸ್ತಿ ತಂದ 'ನಾನು ಅವನಲ್ಲ ಅವಳು' ನೋಡಿ. ಪ್ರಶಸ್ತಿ 2014ರ ಸಾಲಿನದು, ಘೋಷಣೆ 2015ರ ಮಾರ್ಚ್, ಚಿತ್ರಮಂದಿರಕ್ಕೆ ಬಂದದ್ದು 2015ರ ಸೆಪ್ಟೆಂಬರ್. ಜನ ನೋಡುವ ಮೊದಲೇ ಪ್ರಶಸ್ತಿ ಬಂದಿತ್ತು!

ಸುಲಭದ ಸೂತ್ರ: ಸಾಲಿನ ಇಸವಿಯಿಂದ 1952 ಕಳೆಯಿರಿ, ಎಷ್ಟನೇ ಪ್ರಶಸ್ತಿ ಅಂತ ಸಿಗುತ್ತದೆ. 2014 ಅಂದರೆ 62ನೆಯದು. ರಿಷಬ್ ಶೆಟ್ಟಿ ಅವರಿಗೆ ಬಂದದ್ದು 2022ರ ಸಾಲಿಗೆ, ಹಾಗಾಗಿ 70ನೆಯದು. ಘೋಷಣೆ 2024ರ ಆಗಸ್ಟ್ ಆದರೂ ಉತ್ತರ ಬದಲಾಗದು.

ದೇಶದ ಅತ್ಯುತ್ತಮ ಕಥಾಚಿತ್ರ ಅನ್ನಿಸಿಕೊಂಡ ಕನ್ನಡದ ಆರು ಚಿತ್ರಗಳನ್ನು ಈ ಸೂತ್ರದ ಜೊತೆಗೇ ಓದಿಕೊಳ್ಳಿ: 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977), 'ತಬರನ ಕಥೆ' (1986), 'ತಾಯಿ ಸಾಹೇಬ' (1997), 'ದ್ವೀಪ' (2001). ಕೊನೆಯ ನಾಲ್ಕೂ ಗಿರೀಶ್ ಕಾಸರವಳ್ಳಿ ಅವರವು, ಎಂಥ ಸಾಧನೆ! ಇನ್ನೊಂದು ಪ್ರಶ್ನೆ ಆಗಾಗ ಕೇಳುತ್ತಾರೆ: ಡಾ. ರಾಜ್‌ಕುಮಾರ್ ಅವರಿಗೆ 'ಜೀವನ ಚೈತ್ರ'ಕ್ಕೆ ಬಂದ ರಾಷ್ಟ್ರಪ್ರಶಸ್ತಿ ನಟನೆಗಲ್ಲ, ಹಿನ್ನೆಲೆ ಗಾಯನಕ್ಕೆ, 1992ರ ಸಾಲಿನದು.

ರಾಜ್ಯ ಪ್ರಶಸ್ತಿಗೆ ಈ ಸೂತ್ರ ಹಚ್ಚಬೇಡಿ. ಅದು 1966-67ರ ಸಾಲಿನಿಂದ ಶುರುವಾಯಿತು, ಹಳೆಯವೆಲ್ಲ ಹೀಗೆ ಜೋಡಿ ಇಸವಿಯವು. ಘೋಷಣೆಯೂ ಬಹಳ ತಡ: 2019ರ ಸಾಲಿನದು ಪ್ರಕಟವಾದದ್ದು 2025ರ ಜನವರಿಯಲ್ಲಿ. ಸುದ್ದಿ ಬಂದ ಇಸವಿ ಬರೆದರೆ ಅಂಕ ಹೋಯಿತು.

'ಕಾಂತಾರ' ಆಸ್ಕರ್‌ಗೆ ನಾಮನಿರ್ದೇಶನ ಆಗಿತ್ತಲ್ಲವೆ?
(ಪಾಂಡವಪುರ)

ಇಲ್ಲ. 2023ರ ಜನವರಿಯಲ್ಲಿ ಅದು ಸೇರಿದ್ದು 301 ಚಿತ್ರಗಳ ಅರ್ಹತಾ ಪಟ್ಟಿಗೆ. ಅಮೆರಿಕದ ಗೊತ್ತುಪಡಿಸಿದ ಆರು ಮಹಾನಗರ ಪ್ರದೇಶಗಳಲ್ಲಿ ಒಂದರಲ್ಲಾದರೂ ಸತತ 7 ದಿನ ಪ್ರದರ್ಶನವಾಗಿ, ಅರ್ಜಿ ಹಾಕಿದ ಚಿತ್ರ ಆ ಪಟ್ಟಿಗೆ ಬರುತ್ತದೆ. ಅಂದರೆ ಸದಸ್ಯರು ಮತ ಹಾಕಬಹುದು, ಅಷ್ಟೆ. ಮತ ಬಿದ್ದ ಮೇಲೆ ಆಯ್ಕೆಯಾಗುವುದೇ ನಾಮನಿರ್ದೇಶನ. ಭಾರತ ಸರ್ಕಾರದ ಕಡೆಯಿಂದ ಹೋಯಿತು ಅನ್ನುವುದೂ ತಪ್ಪು: ಆ ಸಲ ದೇಶದ ಅಧಿಕೃತ ಚಿತ್ರವಾಗಿ ಹೋದದ್ದು ಗುಜರಾತಿಯ 'ಛೆಲ್ಲೋ ಶೋ'. ಅದನ್ನು ಆರಿಸುವುದು ಸರ್ಕಾರವಲ್ಲ, ಫಿಲ್ಮ್ ಫೆಡರೇಶನ್ ಆಫ್ ಇಂಡಿಯಾ.