ಮದುವೆಯಾಗದ ತಮ್ಮ, ಮೊಬೈಲಿನಲ್ಲಿ ಸಿಕ್ಕ ಲೆಕ್ಕ

ಹೊಳಲ್ಕೆರೆಯಿಂದ ಬಂದ ಪತ್ರ: "ನನ್ನ ತಮ್ಮನಿಗೆ 57. ಮದುವೆಯಾಗಿಲ್ಲ. ಮೂರು ತಿಂಗಳ ಹಿಂದೆ ಗೆಡ್ಡೆ ಇದೆ ಅಂತ ಒಂದು ಕಿಡ್ನಿ ತೆಗೆದರು. ರಿಪೋರ್ಟಿನಲ್ಲಿ ಕ್ರೋಮೋಫೋಬ್ ಎಂಬ ಅಪರೂಪದ ಕ್ಯಾನ್ಸರ್, ಒಂದನೇ ಹಂತ ಎಂದಿದೆ. ವಯಸ್ಸಾದವರು, ಗಂಡಸರು, ಮದುವೆಯಾಗದವರು ಇದರಲ್ಲಿ ಬೇಗ ಹೋಗುತ್ತಾರಂತೆ ಎಂದು ಮಗ ಮೊಬೈಲಿನಲ್ಲಿ ಓದಿ ಹೇಳಿದ. ನಿದ್ದೆ ಹತ್ತುತ್ತಿಲ್ಲ. ಈಗಲಾದರೂ ಒಂದು ಹೆಣ್ಣು ನೋಡೋಣವೇ?"

ಅಕ್ಕಾ, ರಿಪೋರ್ಟಿನಲ್ಲಿ ‘ಒಂದನೇ ಹಂತ’ ಅಂತ ಇದೆಯಲ್ವಾ, ಅಂದರೆ ಗೆಡ್ಡೆ ಕಿಡ್ನಿ ದಾಟಿರಲಿಲ್ಲ, ಮೊದಲು ಅದನ್ನು ಹಿಡಿದುಕೊಳ್ಳಿ. ಕಿಡ್ನಿ ಕ್ಯಾನ್ಸರ್ ಬಂದ 100 ಜನರಲ್ಲಿ ಸುಮಾರು ಐದು ಜನಕ್ಕೆ ಈ ಕ್ರೋಮೋಫೋಬ್ ಇರುತ್ತದೆ. ಸಾಮಾನ್ಯವಾಗಿ ನಿಧಾನಕ್ಕೆ ಬೆಳೆಯುವ ಜಾತಿ. ಒಟ್ಟು ಕಿಡ್ನಿ ಕ್ಯಾನ್ಸರ್ ತೆಗೆದುಕೊಂಡರೂ, ಕಿಡ್ನಿ ದಾಟುವ ಮೊದಲೇ ಸಿಕ್ಕರೆ ಅಮೆರಿಕದ ಲೆಕ್ಕದಲ್ಲಿ 100ಕ್ಕೆ 90ಕ್ಕೂ ಹೆಚ್ಚು ಜನ ಐದು ವರ್ಷ ದಾಟುತ್ತಾರೆ. ದೂರದ ಅಂಗಕ್ಕೆ ಹರಡಿದ ಮೇಲೆ ಸಿಕ್ಕರೆ ಅದು 20ರ ಆಸುಪಾಸಿಗೆ ಇಳಿಯುತ್ತದೆ. ವಯಸ್ಸು, ಮದುವೆ ಎಲ್ಲ ಇದರ ಮುಂದೆ ಸಣ್ಣವು.

ಹಾಗಂತ ಮಗ ಓದಿದ್ದು ಸುಳ್ಳಲ್ಲ. ಅಮೆರಿಕದಲ್ಲಿ ‘ಸೀರ್’ ಎಂಬ ಸರ್ಕಾರಿ ಕ್ಯಾನ್ಸರ್ ದಾಖಲೆ ಇದೆ, 1973ರಿಂದ ರೋಗಿಗಳ ವಯಸ್ಸು, ಜನಾಂಗ, ಮದುವೆ ಎಲ್ಲ ಬರೆದಿಡುತ್ತಾ ಬಂದಿದ್ದಾರೆ, ಅಪರೂಪದ ಕ್ಯಾನ್ಸರಿಗೆ ಒಂದು ಆಸ್ಪತ್ರೆಯ ರೋಗಿಗಳು ಲೆಕ್ಕಕ್ಕೆ ಸಾಲದೆ ಸಂಶೋಧಕರು ಇಂಥ ಕಡೆಗೇ ಹೋಗುತ್ತಾರೆ, ಮಗ ಓದಿದಂಥ ಲೆಕ್ಕ ಬರುವುದು ಇಂಥ ಕಡೆಯಿಂದಲೇ. ವಯಸ್ಸಾದವರು ಬೇಗ ಹೋದರು ಎಂಬ ಲೆಕ್ಕದಲ್ಲಿ ಎಷ್ಟೋ ಸಲ ಹೃದಯಾಘಾತ, ಶುಗರ್‌ನಿಂದ ಹೋದವರೂ ಸೇರಿರುತ್ತಾರೆ. ಅದನ್ನು ಮೊಬೈಲ್ ಹೇಳುವುದಿಲ್ಲ.

ಇನ್ನು ಮದುವೆ. ನಮ್ಮ ಪತ್ರಿಕೆಗೆ ಮೊದಲು ಅಚ್ಚುಮೊಳೆ ಜೋಡಿಸುತ್ತಿದ್ದ ಅಣ್ಣ ಒಬ್ಬರಿದ್ದರು, ಒಂಟಿ ಜೀವ, ದಾವಣಗೆರೆಯಲ್ಲಿ ಮಂಡಿಪೇಟೆ ಹಿಂದೆ ಒಂದು ರೂಮು. ಮೂತ್ರ ಕೆಂಪಗೆ ಬಂತು. ಉಷ್ಣ ಅಂದುಕೊಂಡು ಎಳನೀರು, ಬಾರ್ಲಿ ನೀರು ಕುಡಿದರು. ನಿಂತಿತು. ಮತ್ತೆ ಬಂತು, ಮತ್ತೆ ಎಳನೀರು. ಹೀಗೇ ಎಂಟು ತಿಂಗಳು. ಪಂಚೆ ಅವರೇ ಒಗೆದುಕೊಳ್ಳುತ್ತಿದ್ದರು, ಕಲೆ ನೋಡಿ ‘ಏನಿದು’ ಅಂತ ಕೇಳುವವರಿಲ್ಲ. ಸ್ಕ್ಯಾನ್ ಮಾಡಿಸುವ ಹೊತ್ತಿಗೆ ಶ್ವಾಸಕೋಶಕ್ಕೆ ಹೋಗಿತ್ತು. ಅಮೆರಿಕದ ಲೆಕ್ಕದಲ್ಲಿ ‘ಅವಿವಾಹಿತ’ ಅಂತ ಬರೆದಿರುವ ಕಡೆ ನನಗೆ ಆ ಪಂಚೆಯೇ ಕಾಣುತ್ತದೆ. ತಾಳಿಯಲ್ಲಿ ಔಷಧಿ ಇಲ್ಲ ಅಕ್ಕಾ. ಕೇಳುವವರು, ಕರೆದುಕೊಂಡು ಹೋಗುವವರು ಇದ್ದಾರಾ ಅನ್ನುವುದಷ್ಟೇ.

ನಿಮ್ಮ ತಮ್ಮನಿಗೆ ನೀವಿದ್ದೀರಿ. ಮುಂದಿನ ಸ್ಕ್ಯಾನ್ ತಾರೀಖನ್ನು ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆದಿಡಿ. ಬಿಪಿ, ಶುಗರ್, ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತಪರೀಕ್ಷೆ) ನೋಡಿಸುತ್ತಿರಿ, ಉಳಿದಿರುವುದು ಒಂದೇ ಕಿಡ್ನಿ. ಬೆನ್ನುನೋವು ಅಂತ ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ಸುಮ್ನೆ ತಗೊಂಡು ನುಂಗಲು ಬಿಡಬೇಡಿ, ಡಾಕ್ಟರನ್ನು ಕೇಳಿಯೇ ಕೊಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ವಿಚಾರಿಸಿ.

ಹೆಣ್ಣು ನೋಡುವ ವಿಷಯ ನನ್ನನ್ನು ಕೇಳಿದ್ದೀರಿ, ಅವನನ್ನು ಕೇಳಿದ್ದೀರಾ? 57 ವರ್ಷ ಬೇಡ ಅಂದವನು ಈಗ ಹೂಂ ಅಂದರೆ ಮಾಡಿ, ನಾನೂ ಊಟಕ್ಕೆ ಬರುತ್ತೇನೆ. ಸ್ಕ್ಯಾನಿಗೆ ಜೊತೆಗೆ ಹೋಗಲು ಒಬ್ಬರು ಬೇಕು ಅಂತ ಮಾತ್ರ ಮಾಡಬೇಡಿ, ಅದಕ್ಕೆ ಮೊಬೈಲ್ ಓದುವ ನಿಮ್ಮ ಮಗನೇ ಇದ್ದಾನಲ್ಲ.