ಕೆಂಪು ಬೆಳಕು ಬರುತ್ತದೆ, ಸದ್ದು ಬರುವುದಿಲ್ಲ

ಪ್ರಶ್ನೆ: ಕಂಪ್ಯೂಟರಿನ ಸೌಂಡ್ ಕಾರ್ಡಿನಿಂದ ಆಂಪ್ಲಿಫೈಯರಿಗೆ ಆಪ್ಟಿಕಲ್ ಕೇಬಲ್ ಹಾಕಿದ್ದೇನೆ. ತುದಿಯಲ್ಲಿ ಕೆಂಪು ಬೆಳಕು ಕಾಣುತ್ತದೆ, ಸದ್ದು ಮಾತ್ರ ಇಲ್ಲ. ಹಸಿರು ಜ್ಯಾಕಿಗೆ ಮಾಮೂಲಿ ವೈರ್ ಹಾಕಿದರೆ ಚೆನ್ನಾಗಿ ಕೇಳುತ್ತದೆ. ಕಾರ್ಡ್ ಕೆಟ್ಟಿದೆಯೇ?
– ಓದುಗರೊಬ್ಬರು, ಕುಮಟಾ

ಉತ್ತರ: ಕೆಟ್ಟಿರುವ ಸಾಧ್ಯತೆ ಕಡಿಮೆ. ಆದರೆ ಆ ಬೆಳಕನ್ನು ನಂಬಿ ಕೂರಬೇಡಿ. ಕಾರ್ಡ್ ಎಚ್ಚರವಿರುವಷ್ಟು ಹೊತ್ತು, ಹಾಡು ಬರುತ್ತಿರಲಿ, ಬರೀ ಮೌನವಿರಲಿ, ಆ ಎಲ್‌ಇಡಿ ಸೆಕೆಂಡಿಗೆ ಲಕ್ಷಾಂತರ ಸಲ ಮಿನುಗುತ್ತಲೇ ಇರುತ್ತದೆ. ನಮ್ಮ ಕಣ್ಣಿಗೆ ಒಂದೇ ಸಮನೆ ಉರಿದಂತೆ ಕಾಣುತ್ತದೆ. ಒಳಗೆ ಹಾಡಿದೆಯೋ ಇಲ್ಲವೋ ಎಂಬುದು ಬೆಳಕು ನೋಡಿ ತಿಳಿಯದು.

ನೋಡಬೇಕಾದ್ದು ಆಂಪ್ಲಿಫೈಯರಿನ ಡಿಸ್‌ಪ್ಲೇ. ಮೊದಲು ಇನ್‌ಪುಟ್ 'ಆಪ್ಟಿಕಲ್'ಗೆ ತಿರುಗಿದೆಯೇ, ಎರಡು ಆಪ್ಟಿಕಲ್ ಕಿಂಡಿಗಳಿದ್ದರೆ ಸರಿಯಾದದ್ದನ್ನೇ ಆರಿಸಿದ್ದೀರಾ ನೋಡಿ. ನಂತರ ಹಾಡು ಹಾಕಿ. 'ಪಿಸಿಎಂ' (ಮಡಚದೆ ನೇರವಾಗಿ ಕಳಿಸಿದ ಡಿಜಿಟಲ್ ಸದ್ದು) ಎಂದು ತೋರಿಸಿದರೆ ಸಂಕೇತ ತಲುಪುತ್ತಿದೆ, ತೊಂದರೆ ಕಂಪ್ಯೂಟರಿನ ಸೆಟ್ಟಿಂಗಿನಲ್ಲಿದೆ. ವಿಂಡೋಸ್ ಇದ್ದರೆ ಕಂಟ್ರೋಲ್ ಪ್ಯಾನೆಲ್‌ನ 'ಸೌಂಡ್' ತೆರೆದು 'ಪ್ಲೇಬ್ಯಾಕ್'ನಲ್ಲಿ 'ಸ್ಪೀಕರ್ಸ್' ಬಿಟ್ಟು 'ಡಿಜಿಟಲ್ ಔಟ್‌ಪುಟ್' ಮೇಲೆ 'ಸೆಟ್ ಡಿಫಾಲ್ಟ್' ಒತ್ತಿ. ಅದು ಪಟ್ಟಿಯಲ್ಲೇ ಇಲ್ಲವೆಂದರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ 'ಶೋ ಡಿಸೇಬಲ್ಡ್ ಡಿವೈಸಸ್' ಆರಿಸಿ. ಪ್ಲೇಯರನ್ನು ಮುಚ್ಚಿ ಮತ್ತೆ ತೆರೆಯಿರಿ. ಕೆಲವು ಪ್ಲೇಯರ್‌ಗಳು ಹಳೆಯ ದಾರಿಯನ್ನೇ ಹಿಡಿದಿರುತ್ತವೆ. ಲಿನಕ್ಸ್ ಇದ್ದರೆ ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ ತೆರೆದು, ಎಫ್6 ಒತ್ತಿ ಕಾರ್ಡ್ ಆರಿಸಿ. 'ಐಇಸಿ958' (ಡಿಜಿಟಲ್ ಔಟ್‌ಪುಟ್‌ಗೆ ಅಲ್ಲಿರುವ ಹೆಸರು) ಕಂಬದ ಕೆಳಗೆ 'ಎಂಎಂ' ಎಂದಿದ್ದರೆ ಅದು ಮ್ಯೂಟ್; 'ಎಂ' ಕೀಲಿ ಒತ್ತಿದರೆ ತೆರೆಯುತ್ತದೆ.

ಡಿಸ್‌ಪ್ಲೇಯಲ್ಲಿ ಏನೂ ಬರದಿದ್ದರೆ, ಅಥವಾ 'ಅನ್‌ಲಾಕ್' ಎಂದಿದ್ದರೆ, ವೇಗ (ಸ್ಯಾಂಪಲ್ ದರ, ಅಂದರೆ ಸೆಕೆಂಡಿಗೆ ಸದ್ದಿನ ಎಷ್ಟು ಅಳತೆ ಹೋಗುತ್ತದೆ ಎಂಬುದು) ಹೊಂದುತ್ತಿಲ್ಲ ಎಂದು ಮೊದಲು ಅನುಮಾನಿಸಿ. ಕಾರ್ಡನ್ನು 192 ಕಿಲೋಹರ್ಟ್ಸ್‌ಗೆ ಇಟ್ಟಿರುತ್ತೇವೆ, ಬಹಳಷ್ಟು ಆಂಪ್ಲಿಫೈಯರುಗಳ ಆಪ್ಟಿಕಲ್ ಕಿಂಡಿಗೆ 96ಕ್ಕಿಂತ ಮೇಲೆ ಅರ್ಥವಾಗದು. ಅಗ್ಗದ ಸೌಂಡ್‌ಬಾರ್‌ಗಳಲ್ಲಿ ಎಷ್ಟೋ 48ಕ್ಕೇ ನಿಲ್ಲುತ್ತವೆ. 'ಪ್ರಾಪರ್ಟೀಸ್', 'ಅಡ್ವಾನ್ಸ್ಡ್' ಒಳಗೆ 16 ಬಿಟ್, 48000 ಹರ್ಟ್ಸ್ ಇಟ್ಟು 'ಟೆಸ್ಟ್' ಒತ್ತಿ. ಯಕ್ಷಗಾನದ ಹಳೆಯ ಧ್ವನಿಮುದ್ರಣ ಕೇಳಲು ಅಷ್ಟು ಧಾರಾಳ ಸಾಕು. 192ಕ್ಕೆ ಏರಿಸಿದ ಮಾತ್ರಕ್ಕೆ ಕ್ಯಾಸೆಟ್ಟಿನಲ್ಲಿ ಇಲ್ಲದ ಚೆಂಡೆಯ ನಾದ ಹುಟ್ಟುವುದಿಲ್ಲ.

ಆಗಲೂ ಇಲ್ಲವೆಂದರೆ ಕೇಬಲ್. ಹೊಸ ಕೇಬಲಿನ ತುದಿಯಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಟೊಪ್ಪಿ ಇರುತ್ತದೆ, ಅದನ್ನು ತೆಗೆಯದೇ ತುರುಕುವವರು ನಾವಂದುಕೊಂಡಷ್ಟು ಕಡಿಮೆಯಿಲ್ಲ. ಪ್ಲಗ್ 'ಟಕ್' ಎಂದು ಕೂರಬೇಕು. ಒಳಗಿರುವುದು 1 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ನಾರು. ಮೇಜಿನ ಮೂಲೆಯಲ್ಲಿ ಚೂಪಾಗಿ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ಉದ್ದ 5 ಮೀಟರ್ ಒಳಗಿದ್ದರೆ ನೆಮ್ಮದಿ. ಮಳೆಗಾಲದಲ್ಲಿ ತೆರೆದಿಟ್ಟ ಕಿಂಡಿಗೆ ದೂಳು, ತೇವ ಸೇರಿ ಮಸುಕಾಗುತ್ತದೆ. ತುದಿಯನ್ನು ಕನ್ನಡಕದ ಬಟ್ಟೆಗೆ ಒಂದೆರಡು ಹನಿ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ, ಅಂಗಿಯ ಅಂಚಿನಿಂದಲ್ಲ. ಕಡೆಗೊಂದು ಪರೀಕ್ಷೆ: ಅದೇ ಕೇಬಲನ್ನು ಟಿವಿಯ ಆಪ್ಟಿಕಲ್ ಔಟ್‌ಗೆ ಹಾಕಿ. ಸದ್ದು ಬಂದರೆ ಕೇಬಲ್, ಆಂಪ್ಲಿಫೈಯರ್ ಎರಡೂ ನಿರ್ದೋಷಿ. ಆಗ ಮಾತ್ರ ಕಾರ್ಡನ್ನು ದೂರಬಹುದು.

ಪ್ರಶ್ನೆ: ಸದ್ದು ಬರುತ್ತದೆ, ಆದರೆ ಸಿನಿಮಾ ಹಾಕಿದರೆ 5.1ರಲ್ಲಿ ಎರಡೇ ಸ್ಪೀಕರ್ ಮಾತಾಡುತ್ತವೆ. ಜೊತೆಗೆ ಪದ್ಯದ ಮೊದಲ ಅಕ್ಷರ ನುಂಗಿಹೋಗುತ್ತದೆ.
– ಓದುಗರೊಬ್ಬರು, ಶಿರಸಿ

ಉತ್ತರ: ಆಪ್ಟಿಕಲ್ ದಾರಿಯಲ್ಲಿ ಬಿಡಿ ಪಿಸಿಎಂ ಎರಡೇ ಚಾನೆಲ್ ಹೋಗುತ್ತದೆ. 5.1ರ ಆರೂ ಚಾನೆಲ್ ಹೋಗಬೇಕೆಂದರೆ ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ಆಗಿ ಮಡಚಿ ಕಳಿಸಬೇಕು. ಫೈಲಿನಲ್ಲೇ ಅಂಥ ಟ್ರ್ಯಾಕ್ ಇದ್ದರೆ ವಿಎಲ್‌ಸಿಯ ಆಡಿಯೊ ಪ್ರಿಫರೆನ್ಸಸ್‌ನಲ್ಲಿ ಪಾಸ್‌ಥ್ರೂ ಆನ್ ಮಾಡಿ (ಮಡಚಿದ್ದನ್ನು ಬಿಚ್ಚದೆ ಹಾಗೇ ಆಂಪ್ಲಿಫೈಯರಿಗೆ ಕಳಿಸುವುದೇ ಪಾಸ್‌ಥ್ರೂ). ಆನ್ ಮಾಡುವ ಮುನ್ನ ಆಂಪ್ಲಿಫೈಯರ್ ವಾಲ್ಯೂಮ್ ತಗ್ಗಿಸಿ. ಅದಕ್ಕೆ ಆ ಭಾಷೆ ಅರ್ಥವಾಗದಿದ್ದರೆ ಜೋರಾಗಿ 'ಸರ್‌ರ್' ಎಂದು ಒದರುತ್ತದೆ. ಪಾಸ್‌ಥ್ರೂನಲ್ಲಿ ಕಂಪ್ಯೂಟರಿನ ವಾಲ್ಯೂಮ್ ಕೆಲಸ ಮಾಡುವುದಿಲ್ಲ, ಅದು ದೋಷವಲ್ಲ. ಗೇಮಿಗೂ ಆರು ಚಾನೆಲ್ ಬೇಕೆಂದರೆ, ಎರಡೂ ಕಡೆ ಕಿಂಡಿ ಇದ್ದಲ್ಲಿ ಎಚ್‌ಡಿಎಂಐ ಹಾಕುವುದೇ ಮೇಲು.

ಅಕ್ಷರ ನುಂಗುವುದಕ್ಕೆ ಕಾರಣ ಕಾರ್ಡಿನ ನಿದ್ದೆ. ಕೆಲವು ಕಾರ್ಡುಗಳು ಸದ್ದು ನಿಂತೊಡನೆ ನಿದ್ದೆಗೆ ಜಾರಿ ಸಂಕೇತವನ್ನೂ ನಿಲ್ಲಿಸುತ್ತವೆ. ಮತ್ತೆ ಶುರುವಾದಾಗ ಆಂಪ್ಲಿಫೈಯರ್ ಅದನ್ನು ಹಿಡಿದುಕೊಳ್ಳುವಷ್ಟರಲ್ಲಿ ಭಾಗವತರು ಮುಂದೆ ಹೋಗಿರುತ್ತಾರೆ. ಡ್ರೈವರಿನಲ್ಲಿ ಪವರ್ ಸೇವಿಂಗ್ ತೆಗೆದು ನೋಡಿ. ಅದಾಗದಿದ್ದರೆ ಹಾಡಿನ ಮೊದಲು ಎರಡು ಸೆಕೆಂಡಿನ ಮೌನದ ಫೈಲ್ ಸೇರಿಸಿ.

ಪ್ರಶ್ನೆ: ಕೋಏಕ್ಸಿಯಲ್ ಡಿಜಿಟಲ್ ವೈರ್ ಹಾಕಿದಾಗಿನಿಂದ ಸ್ಪೀಕರಿನಲ್ಲಿ 'ಗುಂಯ್' ಎನ್ನುತ್ತದೆ, ನಡುನಡುವೆ ಸದ್ದು ಕಡಿಯುತ್ತದೆ.
– ಓದುಗರೊಬ್ಬರು, ಕಾರವಾರ

ಉತ್ತರ: ಇವು ಎರಡು ಬೇರೆ ರೋಗ. ಗುಂಯ್‌ಗುಟ್ಟುವುದು ಅರ್ಥಿಂಗ್‌ನಿಂದ: ಕಂಪ್ಯೂಟರ್ ಒಂದು ಸಾಕೆಟ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ. ಅರ್ಥ್ ಪಿನ್ ಮಾತ್ರ ಕತ್ತರಿಸಬೇಡಿ. ಆಪ್ಟಿಕಲ್‌ಗೆ ಬದಲಿಸಿದರೆ ಆ ವೈರಿನ ದಾರಿಯೇ ಕಡಿದುಹೋಗುತ್ತದೆ, ಬೆಳಕಿಗೆ ಅರ್ಥಿಂಗಿನ ಹಂಗಿಲ್ಲ. ಏಪ್ರಿಲ್, ಮೇಯ ಗುಡುಗಿನಲ್ಲಿ ಇದೊಂದು ಹೆಚ್ಚಿನ ಲಾಭ, ಆದರೂ ಪವರ್ ಪ್ಲಗ್ ಕೀಳಲೇಬೇಕು.

ಕಡಿಯುವುದು ವೈರಿನಿಂದ. ಇದಕ್ಕೆ 75 ಓಮ್‌ನ ವೈರೇ ಬೇಕು. ಕೆಂಪು-ಬಿಳಿ ಆಡಿಯೊ ವೈರ್ ಗಿಡ್ಡವಿದ್ದಾಗ ನಡೆದುಹೋಗುತ್ತದೆ, ಉದ್ದವಾದಂತೆ ಕೈಕೊಡುತ್ತದೆ. ಉಪ್ಪುಗಾಳಿಗೆ ಪಿನ್ನಿನ ಮೇಲೆ ಹಸಿರು ಕಿಲುಬು ಕೂತಿದೆಯೇ ನೋಡಿ. ಕೂತಿದ್ದರೆ ಎರಡೂ ಉಪಕರಣ ಆಫ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪಿನ್ನನ್ನು ನಾಲ್ಕಾರು ಸಲ ತಿರುವಿ ಹಾಕಿ ತೆಗೆಯಿರಿ. ತಾಮ್ರ ತಿಂದುಹೋಗಿದ್ದರೆ ತಿಕ್ಕಿ ಫಲವಿಲ್ಲ, ಬೇರೆ ವೈರ್ ತನ್ನಿ.