ನಿಧಾನವಾಗಿ ಕೆಲಸ ಮಾಡಿದರೆ ಅದು ಮೋಸವೇ?

ಪೀಣ್ಯದ ನಿವೃತ್ತ ಸೂಪರ್‌ವೈಸರ್ ಒಬ್ಬರ ಪತ್ರ: "ನನ್ನ ಮಗನ ಫ್ಯಾಕ್ಟರಿಯಲ್ಲಿ ಎಲ್ಲರೂ ಬೇಕಂತಲೇ ನಿಧಾನವಾಗಿ ಕೆಲಸ ಮಾಡುತ್ತಿದ್ದಾರೆ. ಸಂಬಳ ಮಾತ್ರ ಪೂರ್ತಿ ಬೇಕಂತೆ. ಇದು ಮೋಸ ಅಲ್ವಾ? ಮುಷ್ಕರ ಮಾಡುವುದಾದರೆ ನೇರವಾಗಿ ಮಾಡಲಿ."

ಸಂಪಾದಕರ ಉತ್ತರ:

ನಮಸ್ಕಾರ ಸರ್. ಸುಪ್ರೀಂ ಕೋರ್ಟ್ ನಿಮ್ಮ ಕಡೆಗಿದೆ. 1961ರಲ್ಲಿ ಭಾರತ್ ಶುಗರ್ ಮಿಲ್ಸ್ ಪ್ರಕರಣದಲ್ಲಿ ಅದು ಗೋ-ಸ್ಲೋವನ್ನು, ಅಂದರೆ ಬೇಕಂತಲೇ ನಿಧಾನವಾಗಿ ಕೆಲಸ ಮಾಡುವುದನ್ನು, ಅಪ್ರಾಮಾಣಿಕ ಎಂದರೆ ತಪ್ಪಾಗದು ಎಂದಿತು. ಮುಷ್ಕರವಾದರೆ ಯಂತ್ರ ಆಫ್ ಮಾಡಬಹುದು, ಕಡಿಮೆ ವೇಗದಲ್ಲಿ ಓಡಿಸಿದರೆ ಬಿಡಿಭಾಗಗಳೇ ಹಾಳಾಗುತ್ತವೆ ಎಂದೂ ಹೇಳಿತು. ಯಂತ್ರದ ಜೊತೆ ಬದುಕಿದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ನಾನು ಮೋಸ ಎನ್ನಲಾರೆ. ನೇರವಾಗಿ ಮುಷ್ಕರ ಮಾಡಿ ಸೋತವರೇ ಈ ದಾರಿ ಹಿಡಿದದ್ದು. 1889ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ಬಂದರಿನ ಹಮಾಲರು ಕೂಲಿ ಹೆಚ್ಚಿಸಿ ಎಂದು ಮುಷ್ಕರ ಹೂಡಿದರು. ಮಾಲೀಕರು ಹೊಲದ ಕೂಲಿಗಳನ್ನು ಕರೆತಂದು ಹಡಗು ತುಂಬಿಸಿದರು. ಅವರಿಗೆ ಹಡಗಿನ ಮೇಲೆ ನಡೆಯಲೂ ಬರುತ್ತಿರಲಿಲ್ಲ, ಅರ್ಧ ಸರಕು ಬೀಳಿಸುತ್ತಿದ್ದರು. ಮಾಲೀಕರು ಅವರ ಕೆಲಸವೇ ಚೆನ್ನಾಗಿದೆ ಎಂದರು. ಮುಷ್ಕರ ಮುರಿಯಿತು. ಆಗ ಸಂಘದ ಕಾರ್ಯದರ್ಶಿ ಹಮಾಲರಿಗೆ ಹೇಳಿದ್ದು ಇಷ್ಟೇ: ಹಳೇ ಕೂಲಿಗೇ ಹೋಗಿ, ಆದರೆ ಆ ಹೊಲದ ಕೂಲಿಗಳು ಮಾಡಿದಂತೆಯೇ ಮಾಡಿ. ಕೆಲವೇ ದಿನಗಳಲ್ಲಿ ಮಾಲೀಕರು ಕರೆದು ಕೂಲಿ ಹೆಚ್ಚಿಸಿದರು. ತಮ್ಮ ನುರಿತ ಕೈಗೆ ಎಷ್ಟು ಬೆಲೆ ಎಂದು ತೋರಿಸಲು ಆ ಹಮಾಲರಿಗೆ ಬೇರೆ ದಾರಿ ಎಲ್ಲಿತ್ತು?

ಇನ್ನೊಂದು ಮಾತು. ನಮ್ಮ ಕಾನೂನು ಗೋ-ಸ್ಲೋವನ್ನು ಅನುಚಿತ ಕಾರ್ಮಿಕ ಪದ್ಧತಿಗಳ ಪಟ್ಟಿಗೆ ಸೇರಿಸಿದೆ, ನಿಜ. ಮಾನ್ಯತೆ ಪಡೆದ ಸಂಘದ ಜೊತೆ ಪ್ರಾಮಾಣಿಕವಾಗಿ ಮಾತುಕತೆಗೆ ಕೂರದ ಮಾಲೀಕನೂ ಅದೇ ಪಟ್ಟಿಯಲ್ಲಿದ್ದಾನೆ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯ ಎರಡನೇ ಷೆಡ್ಯೂಲ್‌ನಲ್ಲಿ ಇಬ್ಬರನ್ನೂ ನೋಡಬಹುದು. ನಾವು ಬೈಯುವಾಗ ಮಾತ್ರ ಕಾರ್ಮಿಕನ ಸಾಲನ್ನಷ್ಟೇ ಓದುತ್ತೇವೆ. ನೇರವಾಗಿ ಮುಷ್ಕರ ಮಾಡಲಿ ಎಂದಿರಿ. ಅದೇ ಸಂಹಿತೆಯ ಪ್ರಕಾರ ಅದಕ್ಕೂ 14 ದಿನ ಮೊದಲು ನೋಟಿಸ್ ಕೊಡಬೇಕು. ಸಂಧಾನ ನಡೆಯುತ್ತಿದ್ದರೆ ಮುಷ್ಕರ ಮಾಡುವಂತೆಯೇ ಇಲ್ಲ.

ನಿಮ್ಮ ಮಗನ ವಿಷಯದಲ್ಲಿ ನನಗೆ ಆತಂಕವಿದೆ. ಗೋ-ಸ್ಲೋ ಸಾಬೀತಾದರೆ ಕೆಲಸವೇ ಹೋಗಬಹುದು. ಬೇಡಿಕೆಗಳನ್ನು ಸಂಘದ ಮೂಲಕ ಬರೆದು ಕೊಟ್ಟು, ಸ್ವೀಕೃತಿ ಇಟ್ಟುಕೊಳ್ಳಲಿ. ಆಡಳಿತ ಮಾತಿಗೆ ಬರದಿದ್ದರೆ ಕಾರ್ಮಿಕ ಇಲಾಖೆಯ ಸಂಧಾನ ಅಧಿಕಾರಿಯ ಬಳಿ ಹೋಗಲಿ. ನೀವೂ ಒಮ್ಮೆ ಅವನನ್ನು ಕೂರಿಸಿಕೊಂಡು, ಏನು ಕೇಳುತ್ತಿದ್ದೀರಿ, ಎಷ್ಟು ದಿನದಿಂದ ಕೇಳುತ್ತಿದ್ದೀರಿ ಎಂದು ವಿಚಾರಿಸಿ. ನಿಮ್ಮ ಪತ್ರದಲ್ಲಿ ಅದೊಂದು ಇರಲಿಲ್ಲ.